ಓದುಗರ ಪ್ರಶ್ನೆ: ಕುಂಡದಲ್ಲಿರುವ ಆ ಬಿಳಿ ಕಾಳು ಏನು?

ಕಳೆದ ಸಂಚಿಕೆಯಲ್ಲಿ ಕುಂಡದ ಮಣ್ಣಿನ ಬಗ್ಗೆ ಬರೆದಾಗ ಪರ್ಲೈಟ್ ಎಂಬ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದಿತ್ತು. ಅದರ ಮೇಲೇ ಇಷ್ಟೊಂದು ಪ್ರಶ್ನೆಗಳು ಬಂದಿವೆ. ಕೆಲವು ಗಿಡ ಬೆಳೆಸುವವರದು, ಕೆಲವು ವಿದ್ಯಾರ್ಥಿಗಳದು, ಒಂದೆರಡು ಮನೆ ಕಟ್ಟಿಸುತ್ತಿರುವವರದು. ಹಾಗಾಗಿ ಈ ಬಾರಿ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನರ್ಸರಿಯಿಂದ ತಂದ ಗಿಡದ ಮಣ್ಣಲ್ಲಿ ಬಿಳಿ ಉಂಡೆಗಳಿವೆ. ಥರ್ಮಾಕೋಲ್ ಬೆರೆಸಿ ಮೋಸ ಮಾಡಿದ್ದಾರಾ? ಎಲ್ಲವನ್ನೂ ಆರಿಸಿ ತೆಗೆದುಬಿಡಲಾ? (ಗೃಹಿಣಿ, ಮೈಸೂರು)

ತೆಗೆಯಬೇಡಿ. ಬಹುಮಟ್ಟಿಗೆ ಅದು ಪರ್ಲೈಟ್, ಅಂದರೆ ಕಲ್ಲು. ಅನುಮಾನ ಇದ್ದರೆ ಒಂದು ಕಾಳು ತೆಗೆದು ಎರಡು ಉಗುರುಗಳ ನಡುವೆ ಒತ್ತಿ ನೋಡಿ. ಥರ್ಮಾಕೋಲ್ ಆದರೆ ಅಮುಕುತ್ತದೆ, ಬಿಟ್ಟರೆ ಸ್ವಲ್ಪ ಮೇಲೆ ಬರುತ್ತದೆ, ಪುಡಿಯಾಗುವುದಿಲ್ಲ. ಪರ್ಲೈಟ್ ಆದರೆ ಕರಕರ ಅಂತ ಒಡೆದು ಸಣ್ಣ ಮರಳಿನ ಪುಡಿ ಆಗುತ್ತದೆ. ಕಾಳುಗಳ ಆಕಾರವನ್ನೂ ನೋಡಿ. ಪರ್ಲೈಟ್ ಕಾಳು ಒಂದೊಂದೂ ಒಂದೊಂದು ತರಹ, ಅಂಕುಡೊಂಕು, ಮೈಯೆಲ್ಲ ಸಣ್ಣ ತೂತು. ನುಣ್ಣಗೆ, ದುಂಡಗೆ, ಎಲ್ಲ ಒಂದೇ ಅಳತೆಯಲ್ಲಿದ್ದು ಹಳದಿಯೋ ಹಸಿರೋ ಬಣ್ಣ ಇದ್ದರೆ ಅದು ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆ ಇರಬಹುದು, ಅದನ್ನೂ ತೆಗೆಯುವ ಅಗತ್ಯ ಇಲ್ಲ.

ಪ್ರಶ್ನೆ: ಕಲ್ಲು ಅಂದಮೇಲೆ ಇಷ್ಟು ಹಗುರ ಹೇಗೆ? ನೀರಿನ ಮೇಲೆ ತೇಲುತ್ತದೆ! (ಪಿಯು ವಿದ್ಯಾರ್ಥಿ, ಶಿವಮೊಗ್ಗ)

ಈ ಪ್ರಶ್ನೆಗೆ ಉದ್ದವಾಗೇ ಉತ್ತರಿಸುತ್ತೇನೆ, ಯಾಕೆಂದರೆ ಪರ್ಲೈಟ್‌ನ ಎಲ್ಲ ಉಪಯೋಗಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಜ್ವಾಲಾಮುಖಿಯಿಂದ ಬರುವ ಲಾವಾ ಎಲ್ಲ ಒಂದೇ ತರಹ ಇರುವುದಿಲ್ಲ. ಸಿಲಿಕಾ (ಮರಳಿನಲ್ಲಿರುವ ಮುಖ್ಯ ವಸ್ತು) ಜಾಸ್ತಿ ಇರುವ ಲಾವಾ ತುಂಬ ಅಂಟಂಟು, ಹರಿಯುವುದೇ ಕಷ್ಟ. ಅದು ಬೇಗ ತಣ್ಣಗಾದರೆ ಒಳಗಿನ ಅಣುಗಳಿಗೆ ಸಾಲಾಗಿ ಜೋಡಿಸಿಕೊಂಡು ಹರಳಾಗಲು ಪುರುಸೊತ್ತೇ ಸಿಗುವುದಿಲ್ಲ. ಇದ್ದಲ್ಲೇ ಗಟ್ಟಿಯಾಗಿ ಗಾಜಾಗುತ್ತದೆ. ಕಪ್ಪಗೆ ಹೊಳೆಯುವ ಈ ಗಾಜಿಗೆ ಅಬ್ಸಿಡಿಯನ್ ಅನ್ನುತ್ತಾರೆ. ಅದರಲ್ಲಿ ನೀರಿನ ಅಂಶ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಆಮೇಲೆ ಸಾವಿರಾರು ವರ್ಷ ಮಳೆನೀರು, ಅಂತರ್ಜಲ ಅದರ ಮೈಯೊಳಗೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ನೀರು ಸೇರಿದಂತೆ ಗಾಜು ಸ್ವಲ್ಪ ಹಿಗ್ಗಿ, ಸುತ್ತು ಸುತ್ತಾಗಿ ಸಣ್ಣ ಬಿರುಕು ಬಿಡುತ್ತದೆ. ಹೀಗೆ ಶೇಕಡಾ 2ರಿಂದ 5ರಷ್ಟು ನೀರನ್ನು ಒಳಗಿಟ್ಟುಕೊಂಡ ಜ್ವಾಲಾಮುಖಿ ಗಾಜೇ ಪರ್ಲೈಟ್. ಈ ನೀರು ತೂತುಗಳಲ್ಲಿ ತುಂಬಿಕೊಂಡಿರುವ ನೀರಲ್ಲ, ಗಾಜಿನ ರಚನೆಯಲ್ಲೇ ಸೇರಿಹೋಗಿರುವ ನೀರು. ಕಲ್ಲನ್ನು ಬಿಸಿಲಲ್ಲಿ ಎಷ್ಟು ದಿನ ಒಣಗಿಸಿದರೂ ಅದು ಹೋಗುವುದಿಲ್ಲ.

ಈಗ ಈ ಕಲ್ಲನ್ನು ಪುಡಿಮಾಡಿ ಕುಲುಮೆಗೆ ಹಾಕಿ ಒಮ್ಮೆಲೇ 850 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಬಿಸಿ ಕೊಟ್ಟರೆ ಎರಡು ಕೆಲಸ ಒಟ್ಟಿಗೇ ಆಗುತ್ತವೆ. ಗಾಜು ಮೆತ್ತಗಾಗುತ್ತದೆ, ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಬಿಸಿ ಹೊಯಿಗೆಯಲ್ಲಿ ಭತ್ತ ಅರಳಾಗುವ ಹಾಗೆ ಕಾಳು ಅರಳುತ್ತದೆ. ಕೆಲವೇ ಸೆಕೆಂಡುಗಳ ಕೆಲಸ ಅದು. ಗಾತ್ರ 4ರಿಂದ 20 ಪಟ್ಟು ಜಾಸ್ತಿಯಾಗುತ್ತದೆ. ಬೂದು ಬಣ್ಣದ ಕಲ್ಲು ಬೆಳ್ಳಗಾಗುವುದೂ ಆಗಲೇ, ಒಳಗಿನ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ. ಇಲ್ಲಿ ವೇಗ ತುಂಬ ಮುಖ್ಯ. ನಿಧಾನವಾಗಿ ಕಾಯಿಸಿದರೆ ಗಾಜು ಮೆತ್ತಗಾಗುವ ಮೊದಲೇ ನೀರು ಸ್ವಲ್ಪ ಸ್ವಲ್ಪವಾಗಿ ತಪ್ಪಿಸಿಕೊಂಡು, ಕಾಳು ಸರಿಯಾಗಿ ಅರಳುವುದೇ ಇಲ್ಲ.

ಒಂದು ಘನ ಮೀಟರ್ ಕಚ್ಚಾ ಪುಡಿ ಸುಮಾರು 1,000 ಕೆಜಿ ತೂಗಿದರೆ ಅರಳಿದ ಪರ್ಲೈಟ್ ಅಷ್ಟೇ ಜಾಗದಲ್ಲಿ 30ರಿಂದ 150 ಕೆಜಿ ತೂಗುತ್ತದೆ. ಉಳಿದದ್ದೆಲ್ಲ ಗಾಳಿ. ಇದರಿಂದ ಇನ್ನೊಂದು ವಿಷಯ ಅರ್ಥವಾಗುತ್ತದೆ. ಅರಳಿದ ಪರ್ಲೈಟನ್ನು ದೂರ ಸಾಗಿಸುವುದು ಅಂದರೆ ಬಾಡಿಗೆ ಕೊಟ್ಟು ಗಾಳಿ ಸಾಗಿಸಿದ ಹಾಗೆಯೇ. ಅದಕ್ಕೇ ಹಡಗಿನಲ್ಲಿ ಬರುವುದು ಕಚ್ಚಾ ಕಲ್ಲು, ಅರಳಿಸುವ ಕುಲುಮೆ ಮಾತ್ರ ಬಳಸುವ ಊರಿನ ಹತ್ತಿರ ಇರುತ್ತದೆ.

ಪ್ರಶ್ನೆ: ನಮ್ಮ ಕಡೆ ಎಲ್ಲಿ ನೋಡಿದರೂ ಜ್ವಾಲಾಮುಖಿಯ ಕಪ್ಪು ಕಲ್ಲೇ. ಇಲ್ಲಿ ಪರ್ಲೈಟ್ ಯಾಕೆ ಸಿಗುವುದಿಲ್ಲ? (ಶಿಕ್ಷಕರು, ವಿಜಯಪುರ)

ಒಳ್ಳೆಯ ಪ್ರಶ್ನೆ ಸರ್. ವಿಜಯಪುರ, ಬೀದರ್, ಕಲಬುರಗಿ, ಬೆಳಗಾವಿ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದೆ ದಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾದ್ದು. ಆದರೆ ಅದು ಬಸಾಲ್ಟ್. ಅದರಲ್ಲಿ ಸಿಲಿಕಾ ಸುಮಾರು ಶೇಕಡಾ 50. ಪರ್ಲೈಟ್‌ನಲ್ಲಿ ಶೇಕಡಾ 70ರಿಂದ 75. ಬಸಾಲ್ಟ್ ಲಾವಾ ತೆಳ್ಳಗೆ ಸಲೀಸಾಗಿ ಹರಿಯುತ್ತದೆ, ಹರಳಾಗುವುದೂ ಸುಲಭ. ದಪ್ಪ ಪದರವಾಗಿ ಗಾಜಾಗಿ ಉಳಿಯುವುದು ಅಪರೂಪ.

ಎರಡನೆಯ ಕಾರಣ ವಯಸ್ಸು. ಗಾಜು ಶಾಶ್ವತ ಅಲ್ಲ. ಕೋಟ್ಯಂತರ ವರ್ಷಗಳಲ್ಲಿ ತಾನೇ ಮೆಲ್ಲಗೆ ಹರಳಾಗುತ್ತಾ ಹೋಗುತ್ತದೆ, ಹಾಗಾದ ಮೇಲೆ ಅರಳುವ ಗುಣ ಹೋಗುತ್ತದೆ. ಅದಕ್ಕೇ ಪ್ರಪಂಚದ ದೊಡ್ಡ ಪರ್ಲೈಟ್ ಗಣಿಗಳೆಲ್ಲ ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯ ಜ್ವಾಲಾಮುಖಿಗಳ ಸೀಮೆಯಲ್ಲಿವೆ: ಗ್ರೀಸ್‌ನ ಮೀಲೋಸ್ ದ್ವೀಪ, ಟರ್ಕಿ, ಅಮೆರಿಕದ ನ್ಯೂ ಮೆಕ್ಸಿಕೋ, ಹಂಗೇರಿ, ಅರ್ಮೇನಿಯಾ, ಚೀನಾ. ಮೀಲೋಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಲೋಹ ಗೊತ್ತಿಲ್ಲದ ಕಾಲದಲ್ಲಿ, 10 ಸಾವಿರ ವರ್ಷಕ್ಕೂ ಹಿಂದೆ, ಜನ ದೋಣಿಯಲ್ಲಿ ಹೋಗಿ ಆ ದ್ವೀಪದ ಅಬ್ಸಿಡಿಯನ್ ತಂದು ಚೂಪಾದ ಕತ್ತಿಗಳನ್ನು ಮಾಡಿಕೊಳ್ಳುತ್ತಿದ್ದರು. ದಕ್ಷಿಣ ಗ್ರೀಸ್‌ನ ಫ್ರಾಂಕ್ತಿ ಗುಹೆಯಲ್ಲಿ ಅದರ ಚೂರುಗಳು ಸಿಕ್ಕಿವೆ. ಈಗ ಅದೇ ದ್ವೀಪದಿಂದ ಪರ್ಲೈಟ್ ಹಡಗು ಹತ್ತುತ್ತದೆ. ಅಬ್ಸಿಡಿಯನ್ ಮತ್ತು ಪರ್ಲೈಟ್ ಅಕ್ಕಪಕ್ಕದಲ್ಲೇ ಸಿಗುತ್ತವೆ ಅನ್ನುವುದಕ್ಕೆ ಅಮೆರಿಕದ ಅರಿಜೋನಾದ ಸುಪೀರಿಯರ್ ಊರಿನ ಗಣಿಯೂ ಸಾಕ್ಷಿ. ಅಲ್ಲಿ ಬೂದು ಪರ್ಲೈಟ್ ನಡುವೆ ನೀರು ತಾಗದೆ ಉಳಿದ ಕಪ್ಪು ಗಾಜಿನ ಗುಂಡುಗಳು ಸಿಗುತ್ತವೆ.

ಭಾರತದಲ್ಲಿ ಗುಜರಾತ್‌ನ ರಾಜಕೋಟ್ ಜಿಲ್ಲೆಯ ಓಶಮ್ ಬೆಟ್ಟದ ಕಡೆ ಇಂಥ ಗಾಜುಗಲ್ಲು ಇದೆ. ದಖನ್ ಲಾವಾದ ಸೀಮೆಯಲ್ಲೇ ಇದ್ದರೂ ಅಲ್ಲಿ ಸಿಲಿಕಾ ಜಾಸ್ತಿ ಇರುವ ಲಾವಾ ಬಂದಿತ್ತು.

ಪ್ರಶ್ನೆ: ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ರಯೋಲೈಟ್ ಎಂದು ಕೇಳಿದ್ದೇನೆ. ಪರ್ಲೈಟ್ ಕೂಡ ರಯೋಲೈಟ್ ಲಾವಾದಿಂದಲೇ ಆಗುವುದಲ್ವಾ? (ಪದವಿ ವಿದ್ಯಾರ್ಥಿನಿ, ಉಡುಪಿ)

ಹೌದು, ನೀವು ಕೇಳಿದ್ದು ಸರಿಯಾಗಿದೆ. ಬಹಳ ಕಡೆ ಅದನ್ನು ಬಸಾಲ್ಟ್ ಕಂಬಗಳು ಎಂದೇ ಬರೆದಿರುತ್ತಾರೆ, ಆದರೆ ರಾಸಾಯನಿಕ ಪರೀಕ್ಷೆ ಮಾಡಿದರೆ ಅದು ಸಿಲಿಕಾ ಜಾಸ್ತಿ ಇರುವ ಡೇಸೈಟ್, ರಯೋಲೈಟ್ ಗುಂಪಿನ ಕಲ್ಲು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು, ಎಂಟು ಕೋಟಿ ವರ್ಷಕ್ಕೂ ಹಳೆಯದು. ಅಂದರೆ ಪರ್ಲೈಟ್‌ಗೆ ಬೇಕಾದ ಲಾವಾ ನಮ್ಮ ಕರಾವಳಿಗೂ ಬಂದಿತ್ತು. ಆದರೆ ಅದು ತಕ್ಷಣ ತಣ್ಣಗಾಗಿ ಗಾಜಾಗಲಿಲ್ಲ. ಒಂದೇ ಸಮ ತಣ್ಣಗಾಗುತ್ತಾ ಕುಗ್ಗಿ, ಆರು ಮೂಲೆಯ ಕಂಬಗಳಾಗಿ ಸೀಳಿತು, ಕಲ್ಲಿನ ಒಳಗೆ ಹರಳುಗಳು ಬೆಳೆದವು. ಹಾಗಾಗಿ ಅದನ್ನು ಎಷ್ಟು ಕಾಯಿಸಿದರೂ ಅರಳುವುದಿಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ದಯವಿಟ್ಟು ಚೂರನ್ನೂ ಕಿತ್ತು ತರಬೇಡಿ.

ಪ್ರಶ್ನೆ: ತಾರಸಿ ತೋಟಕ್ಕೆ ಪರ್ಲೈಟ್ ಎಷ್ಟು ಹಾಕಬೇಕು? ವಿಡಿಯೋಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಲೆಯೂ ಜಾಸ್ತಿ. (ಓದುಗರು, ಬೆಂಗಳೂರು)

ಮೊದಲು ಅದು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ, ಅಳತೆ ತಾನಾಗೇ ಗೊತ್ತಾಗುತ್ತದೆ. ಪರ್ಲೈಟ್ ಗೊಬ್ಬರ ಅಲ್ಲ. ಅದರಲ್ಲಿ ಗಿಡಕ್ಕೆ ಊಟ ಏನೂ ಇಲ್ಲ, ನೀವು ಹಾಕಿದ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಇಲ್ಲ ಅನ್ನುವಷ್ಟು ಕಡಿಮೆ. ಅದರ ಕೆಲಸ ಬೇರಿಗೆ ಗಾಳಿ ಕೊಡುವುದು. ನೀರು ಹಾಕಿದಾಗ ಕಾಳಿನ ಒರಟು ಮೈ ಸ್ವಲ್ಪ ನೀರನ್ನು ಹಿಡಿಯುತ್ತದೆ, ಕಾಳುಗಳ ನಡುವಿನ ದೊಡ್ಡ ಸಂದಿಯಿಂದ ಮಿಕ್ಕ ನೀರು ಇಳಿದುಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಬೇರೂ ಉಸಿರಾಡಬೇಕು. ಕುಂಡದ ಗಿಡಗಳು ಸಾಯುವುದು ನೀರಿಲ್ಲದೆ ಅನ್ನುವುದಕ್ಕಿಂತ ನೀರು ನಿಂತು ಬೇರು ಕೊಳೆತೇ ಜಾಸ್ತಿ.

ಕೋಕೋಪೀಟ್ ಮತ್ತು ಎರೆಹುಳು ಗೊಬ್ಬರ ಬೆರೆಸಿದ ಮಿಶ್ರಣಕ್ಕೆ ಒಟ್ಟು ಅಳತೆಯ ಐದರಲ್ಲಿ ಒಂದು ಪಾಲು ಪರ್ಲೈಟ್ ಸಾಕು. ಬೀಜದ ಟ್ರೇಗೆ, ಕಡ್ಡಿ ನೆಟ್ಟು ಬೇರು ಬರಿಸುವುದಕ್ಕೆ ಕೋಕೋಪೀಟ್ ಅರ್ಧ, ಪರ್ಲೈಟ್ ಅರ್ಧ ಹಾಕಿ. ಅಡೇನಿಯಂ, ಕಳ್ಳಿ ಜಾತಿಯ ಗಿಡಗಳಿಗೂ ಹೆಚ್ಚುಕಡಿಮೆ ಅರ್ಧದಷ್ಟು ಬೇಕು. ಟೊಮೆಟೊ, ಮೆಣಸಿನ ಗಿಡಕ್ಕೆ ದೊಡ್ಡ ಕುಂಡ ತುಂಬಿಸುವಾಗ ಪರ್ಲೈಟ್‌ಗೆ ದುಡ್ಡು ಸುರಿಯಬೇಡಿ. ಅಲ್ಲಿ ಸುಟ್ಟ ಭತ್ತದ ಹೊಟ್ಟು, ದಪ್ಪ ಮರಳು, ಜರಡಿ ಹಿಡಿದ ಇಟ್ಟಿಗೆ ಚೂರು ಚೆನ್ನಾಗೇ ಕೆಲಸ ಮಾಡುತ್ತವೆ. ಆದರೆ ಮರಳೂ ಇಟ್ಟಿಗೆಯೂ ಭಾರ. ಹಳೆಯ ಮನೆಯ ತಾರಸಿಯಲ್ಲಿ ಐವತ್ತು ಅರವತ್ತು ಕುಂಡ ಇಟ್ಟಿದ್ದರೆ ಆ ತೂಕದ ಲೆಕ್ಕ ಹಾಕಲೇಬೇಕು, ಅಲ್ಲಿ ಪರ್ಲೈಟ್ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸುತ್ತದೆ. ನೆಲದಲ್ಲಿ ನೆಟ್ಟ ಗುಲಾಬಿಗೆ, ಮಲ್ಲಿಗೆಗೆ ಅದು ಬೇಡವೇ ಬೇಡ.

ಇನ್ನೊಂದು ಅಭ್ಯಾಸ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಕುಂಡದ ತಳಕ್ಕೆ ಪರ್ಲೈಟ್ ಅಥವಾ ಜಲ್ಲಿಯ ಪದರ ಹಾಕಿ ಮೇಲೆ ಮಣ್ಣು ತುಂಬುವುದು. ನೀರು ಚೆನ್ನಾಗಿ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆಗುವುದು ಉಲ್ಟಾ. ನುಣ್ಣನೆಯ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಕೆಳಗಿನ ದೊಡ್ಡ ಸಂದಿಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆ ಪದರದ ಮೇಲೇ ತೇವ ನಿಲ್ಲುತ್ತದೆ. ಮೊದಲು ಕುಂಡದ ತಳದಲ್ಲಿದ್ದ ಕೆಸರು ಈಗ ಮೇಲೆ ಬಂದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ. ಪರ್ಲೈಟ್ ಮಣ್ಣಿನ ತುಂಬ ಸಮವಾಗಿ ಬೆರೆತಿರಬೇಕು.

ಜೋರಾಗಿ ನೀರು ಹಾಕಿದರೆ, ಮಳೆಗೆ ಕುಂಡ ಹೊರಗಿಟ್ಟರೆ ಕಾಳು ತೇಲಿ ಮೇಲೆ ಬರುತ್ತದೆ. ಮಲೆನಾಡಿನವರು ಇದನ್ನು ಪ್ರತಿ ಮಳೆಗಾಲದಲ್ಲಿ ನೋಡಿರುತ್ತೀರಿ. ಮೇಲೆ ಒಣ ಎಲೆಯದ್ದೋ ತೆಂಗಿನ ನಾರಿನದ್ದೋ ತೆಳು ಹೊದಿಕೆ ಹಾಕಿದರೆ ತಡೆಯುತ್ತದೆ. ಕಾಳು ಹಸಿರಾಗಿದ್ದರೆ ಅದು ಪಾಚಿ, ಹೆದರಬೇಕಾಗಿಲ್ಲ.

ಪ್ರಶ್ನೆ: ವರ್ಮಿಕ್ಯುಲೈಟ್ ಮತ್ತು ಪರ್ಲೈಟ್ ಎರಡೂ ಒಂದೇನಾ? (ಓದುಗರು, ಹಾಸನ)

ಅಲ್ಲ. ವರ್ಮಿಕ್ಯುಲೈಟ್ ಅಭ್ರಕದಂಥ ಪದರ ಪದರದ ಖನಿಜ. ಕಾಯಿಸಿದರೆ ಅದೂ ಹಿಗ್ಗುತ್ತದೆ, ಬಣ್ಣ ಕಂದು ಅಥವಾ ಚಿನ್ನದ್ದು. ಅದು ನೀರನ್ನೂ ಗೊಬ್ಬರದ ಸತ್ವವನ್ನೂ ಹಿಡಿದಿಡುತ್ತದೆ. ಬೇಗ ಒಣಗುವ ಜಾಗಕ್ಕೆ ವರ್ಮಿಕ್ಯುಲೈಟ್, ಬೇಗ ಒಣಗಬೇಕಾದ ಜಾಗಕ್ಕೆ ಪರ್ಲೈಟ್.

ಪ್ರಶ್ನೆ: ಚೀಲ ಬಿಚ್ಚಿದರೆ ಬಿಳಿ ಧೂಳು ಏಳುತ್ತದೆ, ಕೆಮ್ಮು ಬಂತು. ಇದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ, ಕ್ಯಾನ್ಸರ್ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. (ಓದುಗರು, ಧಾರವಾಡ)

ಪರ್ಲೈಟ್‌ನಲ್ಲಿ ಕಲ್ನಾರು ಇರುವುದಿಲ್ಲ. ಆ ಭಯ ಬಂದದ್ದು ವರ್ಮಿಕ್ಯುಲೈಟ್‌ನಿಂದ. ಅಮೆರಿಕದ ಮೊಂಟಾನಾದ ಲಿಬ್ಬಿ ಎಂಬ ಊರಿನ ಗಣಿಯಲ್ಲಿ ವರ್ಮಿಕ್ಯುಲೈಟ್ ಜೊತೆಗೇ ಕಲ್ನಾರು ಬೆರೆತಿತ್ತು. ಅಲ್ಲಿನ ಕೆಲಸಗಾರರಷ್ಟೇ ಅಲ್ಲ, ಊರಿನ ಜನರೂ ಅದರಿಂದ ಕಾಯಿಲೆ ಬಿದ್ದರು, ಎಷ್ಟೋ ಜನ ಸತ್ತರು. ಗಣಿ 1990ರಲ್ಲಿ ಮುಚ್ಚಿತು. ಅದು ಆ ಒಂದು ಗಣಿಯ ಕತೆ.

ಹಾಗಂತ ಪರ್ಲೈಟ್ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಗಾಜಿನ ಪುಡಿ, ಕಣ್ಣಿಗೂ ಗಂಟಲಿಗೂ ಕಿರಿಕಿರಿ. ಚೀಲದ ಮೂಲೆ ಸ್ವಲ್ಪ ಕತ್ತರಿಸಿ, ಒಳಗೆ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಬಳಸಿದರೆ ಧೂಳೇ ಏಳುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ. ಅಸ್ತಮಾ ಇರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಒಳ್ಳೆಯದು. ನರ್ಸರಿ ನಡೆಸುವವರಿಗೆ ಇನ್ನೂ ಒತ್ತಿ ಹೇಳುತ್ತೇನೆ: ನಿಮ್ಮಲ್ಲಿ ದಿನವಿಡೀ ಮಣ್ಣು ಬೆರೆಸುವ ಹೆಣ್ಣುಮಕ್ಕಳಿಗೆ ಮಾಸ್ಕ್ ಕೊಡಿಸಿ. ಮನೆಯಲ್ಲಿ ವರ್ಷಕ್ಕೊಂದು ಚೀಲ ಬಿಚ್ಚುವವರಿಗಿಂತ ಅವರ ಎದೆಗೆ ಹೋಗುವ ಧೂಳು ಎಷ್ಟೋ ಪಾಲು ಜಾಸ್ತಿ.

ಪ್ರಶ್ನೆ: ಬೇಸಿಗೆಯಲ್ಲಿ ತಾರಸಿ ಕಾದು ಮನೆಯೊಳಗೆ ಇರಲಾಗುವುದಿಲ್ಲ. ಮೇಲೆ ಪರ್ಲೈಟ್ ಕಾಂಕ್ರೀಟ್ ಹಾಕಿಸಿ ಅಂತ ಒಬ್ಬರು ಹೇಳಿದರು. ಹಾಕಿಸಬಹುದಾ? (ಓದುಗರು, ರಾಯಚೂರು)

ಹಾಕಿಸಬಹುದು, ಆದರೆ ಕೆಲಸ ಗೊತ್ತಿರುವವರಿಂದ ಮಾತ್ರ. ಸಿಮೆಂಟ್ ಜೊತೆ ಜಲ್ಲಿ, ಮರಳಿನ ಬದಲು ಪರ್ಲೈಟ್ ಬೆರೆಸಿದರೆ ಒಂದು ಘನ ಮೀಟರ್‌ಗೆ 320ರಿಂದ 800 ಕೆಜಿ ತೂಗುವ ಹಗುರ ಕಾಂಕ್ರೀಟ್ ಬರುತ್ತದೆ. ಮಾಮೂಲಿ ಕಾಂಕ್ರೀಟ್ 2,400 ಕೆಜಿ. ಒಳಗಿನ ಗಾಳಿಗುಳ್ಳೆಗಳಿಂದಾಗಿ ಬಿಸಿ ಕೆಳಗೆ ಇಳಿಯುವುದು ತುಂಬ ನಿಧಾನವಾಗುತ್ತದೆ. ಆದರೆ ಅದಕ್ಕೆ ಬಲ ಕಡಿಮೆ, ಹಾಗಾಗಿ ಮೇಲೆ ಸಿಮೆಂಟ್ ಪದರವೋ ಟೈಲ್ಸೋ ಬೇಕು. ಇನ್ನೊಂದು, ಅದು ನೀರು ಕುಡಿಯುತ್ತದೆ. ನೀರು ತುಂಬಿಕೊಂಡ ಪರ್ಲೈಟ್ ಬಿಸಿಯನ್ನು ತಡೆಯುವುದಿಲ್ಲ, ಭಾರವೂ ಆಗುತ್ತದೆ, ಸೋರಿಕೆ ಎಲ್ಲಿಂದ ಅಂತ ಹುಡುಕುವುದೂ ಕಷ್ಟ. ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡಿಸದಿದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ಈ ಬೇಸಿಗೆಗೆ ಕಡಿಮೆ ಖರ್ಚಿನಲ್ಲಿ ಏನಾದರೂ ಆಗಬೇಕು ಅಂದರೆ ಮೊದಲು ತಾರಸಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಹೊಡೆಸಿ ನೋಡಿ.

ದೊಡ್ಡ ಕಟ್ಟಡಗಳಲ್ಲಿ ಜಿಪ್ಸಮ್ ಜೊತೆ ಪರ್ಲೈಟ್ ಬೆರೆಸಿ ಗೋಡೆಗೆ ಪ್ಲಾಸ್ಟರ್ ಮಾಡುವುದು, ಉಕ್ಕಿನ ತೊಲೆಗಳಿಗೆ ಬಳಿಯುವುದು ಹಳೆಯ ರೂಢಿ. ಬೆಂಕಿ ಬಿದ್ದಾಗ ಉಕ್ಕು ಕರಗಬೇಕಾಗಿಲ್ಲ, 550 ಡಿಗ್ರಿಯ ಆಸುಪಾಸಿಗೆ ಅದರ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಈ ಲೇಪ ಆ ಬಿಸಿ ಉಕ್ಕನ್ನು ತಲುಪುವುದನ್ನು ತಡ ಮಾಡುತ್ತದೆ. ಒಳಗಿದ್ದ ಜನ ಹೊರಗೆ ಓಡಿಬರಲು ಸಿಗುವ ಸಮಯ ಅದು.

ಪ್ರಶ್ನೆ: ಆಸ್ಪತ್ರೆ ಹಿಂದಿನ ಆಮ್ಲಜನಕದ ದೊಡ್ಡ ಬಿಳಿ ಟ್ಯಾಂಕಿನಲ್ಲೂ ಪರ್ಲೈಟ್ ಇರುತ್ತದಂತೆ, ನಿಜವಾ? (ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ನಿಜ. ಈ ಕಲ್ಲಿನ ಉಪಯೋಗಗಳಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. 2021ರ ಕೋವಿಡ್ ಅಲೆಯಲ್ಲಿ ದ್ರವ ಆಮ್ಲಜನಕಕ್ಕಾಗಿ ನಾವೆಲ್ಲ ಹೇಗೆ ಒದ್ದಾಡಿದೆವು ಅಂತ ನೆನಪಿದೆ ಅಲ್ವಾ? ಆಮ್ಲಜನಕ ದ್ರವವಾಗಿ ಉಳಿಯಬೇಕಾದರೆ ಅದು ಮೈನಸ್ 183 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೊರಗೆ ದಾವಣಗೆರೆಯ 38 ಡಿಗ್ರಿ ಬಿಸಿಲು. ಅದಕ್ಕಾಗಿ ಟ್ಯಾಂಕನ್ನು ಎರಡು ಗೋಡೆಯಾಗಿ ಕಟ್ಟುತ್ತಾರೆ, ಒಳಗೊಂದು ಪಾತ್ರೆ, ಹೊರಗೊಂದು. ನಡುವಿನ ಜಾಗದಲ್ಲಿ ನುಣ್ಣನೆಯ ಪರ್ಲೈಟ್ ತುಂಬಿ ಅಲ್ಲಿನ ಗಾಳಿಯನ್ನು ಪಂಪಿನಿಂದ ಎಳೆದುಬಿಡುವುದು ಬಹಳ ಕಡೆ ಇರುವ ಪದ್ಧತಿ. ಗಾಳಿ ಇಲ್ಲದ್ದರಿಂದ ಅದರ ಮೂಲಕ ಬಿಸಿ ಬರುವುದಿಲ್ಲ. ಕಿರಣವಾಗಿ ಹಾಯುವ ಬಿಸಿಯನ್ನು ಪರ್ಲೈಟ್ ಕಾಳುಗಳು ತಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಪರ್ಲೈಟ್ ಉರಿಯುವ ವಸ್ತು ಅಲ್ಲ. ದ್ರವ ಆಮ್ಲಜನಕದ ಪಕ್ಕದಲ್ಲಿ ಉರಿಯುವ ಥರ್ಮಾಕೋಲನ್ನೋ ಫೋಮನ್ನೋ ತುಂಬಿಟ್ಟು ಸೋರಿಕೆ ಆದರೆ ಏನಾಗಬಹುದು ಯೋಚಿಸಿ.

ಮೈನಸ್ 162 ಡಿಗ್ರಿಯ ದ್ರವ ನೈಸರ್ಗಿಕ ಅನಿಲದ ಬಂದರು ಟ್ಯಾಂಕುಗಳಲ್ಲೂ ಗೋಡೆಗಳ ನಡುವೆ ಪರ್ಲೈಟ್ ತುಂಬುತ್ತಾರೆ. ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ 1960ರ ದಶಕದಲ್ಲಿ ಮನುಷ್ಯರನ್ನು ಚಂದ್ರನಿಗೆ ಕಳಿಸುವ ಯೋಜನೆಗಾಗಿ ಕಟ್ಟಿದ ಎರಡು ಗುಂಡು ಟ್ಯಾಂಕುಗಳಿವೆ, ಒಂದೊಂದರಲ್ಲೂ ಸುಮಾರು 32 ಲಕ್ಷ ಲೀಟರ್ ದ್ರವ ಜಲಜನಕ ಹಿಡಿಯುತ್ತದೆ, ಅದೂ ಮೈನಸ್ 253 ಡಿಗ್ರಿಯಲ್ಲಿ. ಅದರಲ್ಲಿ ಒಂದು ಟ್ಯಾಂಕ್ ಮಾತ್ರ ಜಾಸ್ತಿ ಜಲಜನಕ ಕಳೆದುಕೊಳ್ಳುತ್ತಿತ್ತು. ನೋಡಿದರೆ ಹೊರಗೋಡೆಯ ಒಂದು ಜಾಗ ಮಾತ್ರ ತಣ್ಣಗಿತ್ತು, ಅಲ್ಲಿ ಒಳಗೆ ಪರ್ಲೈಟ್ ಇಲ್ಲದೆ ಟೊಳ್ಳು ಬಿದ್ದಿತ್ತು. ಪರ್ಲೈಟ್‌ನ ದೌರ್ಬಲ್ಯವೇ ಇದು, ಟ್ಯಾಂಕ್ ಅಲುಗಿದಾಗ, ಹಿಗ್ಗಿ ಕುಗ್ಗಿದಾಗ ಕಾಳು ಒಡೆದು ಕೆಳಗೆ ಕೂರಬಹುದು. ಅಲ್ಲಿ ಈಚೆಗೆ ಕಟ್ಟಿದ ಹೊಸ ಟ್ಯಾಂಕಿಗೆ ಪರ್ಲೈಟ್ ಬದಲು ಟೊಳ್ಳು ಗಾಜಿನ ಸಣ್ಣ ಗೋಲಿಗಳನ್ನು ಬಳಸಿದ್ದಾರೆ. ನೀವು ಕೆಲಸಕ್ಕೆ ಸೇರಿದ ಮೇಲೆ ಆಸ್ಪತ್ರೆಯ ಟ್ಯಾಂಕಿನ ಹೊರಮೈಯ ಮೇಲೆ, ಪೈಪುಗಳ ಮೇಲಲ್ಲ, ಯಾವಾಗಲೂ ಒಂದೇ ಜಾಗದಲ್ಲಿ ಬೆವರೋ ಹಿಮವೋ ಕಂಡರೆ ಸುಮ್ನೆ ಬಿಡಬೇಡಿ, ನಿರ್ವಹಣೆಯವರಿಗೆ ತಕ್ಷಣ ತಿಳಿಸಿ.

ಪ್ರಶ್ನೆ: ಟೂತ್‌ಪೇಸ್ಟ್ ಡಬ್ಬಿಯ ಮೇಲೆ ಪರ್ಲೈಟ್ ಎಂದು ಬರೆದಿತ್ತು. ಹೊಟ್ಟೆಗೆ ಹೋದರೆ? (ಓದುಗರು, ಮಂಗಳೂರು)

ಹಲ್ಲಿನ ಕಲೆ ಉಜ್ಜಿ ತೆಗೆಯಲು ಕೆಲವು ಪೇಸ್ಟ್‌ಗಳಲ್ಲಿ ಅದರ ನುಣ್ಣನೆಯ ಪುಡಿ ಹಾಕುತ್ತಾರೆ. ಚೂರುಪಾರು ನುಂಗಿದರೆ ಏನೂ ಆಗುವುದಿಲ್ಲ, ಜೀರ್ಣವಾಗದೆ ಹೊರಗೆ ಹೋಗುತ್ತದೆ. ಬಿಯರ್, ಹಣ್ಣಿನ ರಸ, ಸಕ್ಕರೆ ಪಾಕ, ಅಡುಗೆ ಎಣ್ಣೆಗಳನ್ನು ಸೋಸುವುದಕ್ಕೂ ಕಾರ್ಖಾನೆಗಳಲ್ಲಿ ಪರ್ಲೈಟ್ ಪುಡಿ ಬಳಸುತ್ತಾರೆ. ಸೋಸುವ ಬಟ್ಟೆಯ ಮೇಲೆ ಅದರ ಪದರ ಕೂತು ಕಸರನ್ನು ಹಿಡಿಯುತ್ತದೆ, ರಸ ಮಾತ್ರ ಕೆಳಗೆ ಇಳಿಯುತ್ತದೆ. ಹಲ್ಲು ಜುಂ ಅನ್ನುವವರು ಮಾತ್ರ ಬಿಳುಪು ಮಾಡುವ ಪೇಸ್ಟ್‌ಗಳನ್ನು ದಂತವೈದ್ಯರನ್ನು ಕೇಳಿ ಬಳಸಿ.

ಪ್ರಶ್ನೆ: ಕಚ್ಚಾ ಪರ್ಲೈಟ್ ಕಡಿಮೆ ಬೆಲೆಗೆ ಸಿಕ್ಕರೆ ಮನೆಯಲ್ಲೇ ಬಾಣಲೆಯಲ್ಲಿ ಹುರಿದು ಅರಳಿಸಬಹುದಾ? (ಓದುಗರು, ತುಮಕೂರು)

ಬೇಡ. ಅಷ್ಟು ಬಿಸಿ ಮನೆಯ ಒಲೆಯ ಬಾಣಲೆಯಲ್ಲಿ ಬರುವುದಿಲ್ಲ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಹುರಿದರೆ ನೀರಷ್ಟೇ ಹೋಗುತ್ತದೆ, ಕಲ್ಲು ಕಲ್ಲಾಗೇ ಉಳಿಯುತ್ತದೆ. ಜೋರು ಬೆಂಕಿ ಊದಿ ಪ್ರಯತ್ನಿಸಿದರೆ ಬಿಸಿ ಗಾಜಿನ ಚೂರು ಕಣ್ಣಿಗೆ ಸಿಡಿಯಬಹುದು.

ಪ್ರಶ್ನೆ: ಗಿಡ ಸತ್ತ ಕುಂಡದ ಹಳೆಯ ಪರ್ಲೈಟನ್ನು ಮತ್ತೆ ಬಳಸಬಹುದಾ? (ಓದುಗರು, ಮಡಿಕೇರಿ)

ಧಾರಾಳವಾಗಿ. ಅದು ಕೊಳೆಯುವುದಿಲ್ಲ, ಕರಗುವುದೂ ಇಲ್ಲ. ಒಣಗಿದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿದರೆ ಕಾಳು ಮೇಲೆ ತೇಲುತ್ತದೆ, ಜರಡಿಯಲ್ಲಿ ತೆಗೆದುಕೊಳ್ಳಿ. ಗಿಡ ಬೇರು ಕೊಳೆತು ಸತ್ತಿದ್ದರೆ ಕುದಿಯುವ ನೀರು ಸುರಿದು, ಅರ್ಧ ಗಂಟೆ ಬಿಟ್ಟು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಬೀಜದ ಟ್ರೇಗೆ ಮಾತ್ರ ಹೊಸದನ್ನೇ ಬಳಸಿ, ಎಳೆ ಸಸಿಗೆ ರೋಗ ಬೇಗ ತಗಲುತ್ತದೆ. ಪುಡಿಪುಡಿಯಾಗಿ ಹೋಗಿರುವುದನ್ನು ಕುಂಡಕ್ಕೆ ಹಾಕಿದರೆ ಸಂದಿ ಮುಚ್ಚಿಬಿಡುತ್ತದೆ, ಅದನ್ನು ತೋಟದ ಮಣ್ಣಿಗೆ ಸೇರಿಸಿಬಿಡಿ.